ಭೂಖಂಡದ ಮೇಲೆ ಹೊರಿಸಿದ ತಪ್ಪು

ನಮ್ಮ ಅಜ್ಜಿಯ ಸೊಂಟ ಮುರಿದವರು ನೀವು. ಆ ತಪ್ಪನ್ನು ಒಂದು ಭೂಖಂಡದ ಮೇಲೆ ಹೊರಿಸಿ ಕೈತೊಳೆದುಕೊಂಡವರೂ ನೀವೇ. ನಮ್ಮೂರಿನ ದಕ್ಷಿಣಕ್ಕಿದ್ದ ಗುಡ್ಡವನ್ನು ಮದ್ದಿಟ್ಟು ಸಿಡಿಸಿ ಜಲ್ಲಿ ಮಾರಿದ ಕ್ವಾರಿ ಮಾಲೀಕರಿಗೂ, ಅವರ ಜೀಪಿನಲ್ಲಿ ಬಂದು ನಮ್ಮ ಜಗುಲಿಯ ಮೇಲೆ ಕುಳಿತು ಪಾಠ ಹೇಳಿದ ಭೂವಿಜ್ಞಾನದ ತಜ್ಞರಿಗೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ. ನಿಮ್ಮ ಹೆಸರುಗಳನ್ನು ಬರೆಯುವುದಿಲ್ಲ. ಬರೆದರೆ ಈ ಬರಹ ನಿಮ್ಮದಾಗಿಬಿಡುತ್ತದೆ. ಇದು ನಮ್ಮ ಮನೆಯದು. ಓದಿದರೆ ನಿಮಗೆ ನಿಮ್ಮ ಗುರುತು ಸಿಗುತ್ತದೆ, ಅಷ್ಟು ಸಾಕು. ಸೇಡು ಎಂಬ ಪದಕ್ಕೆ ನಾನು ಹೆದರುವುದಿಲ್ಲ. ಸೇಡಿಗೂ ಒಂದು ಶಿಸ್ತು ಬೇಕೆಂದು ವಿಶ್ವವಿದ್ಯಾನಿಲಯ ನನಗೆ ಕಲಿಸಿದೆ: ಮೊದಲು ಸಾಕ್ಷ್ಯ, ಆಮೇಲೆ ತೀರ್ಮಾನ. ಹಾಗಾಗಿ ಮನೆಯಿಂದಲೇ ಶುರುಮಾಡುತ್ತೇನೆ.

ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ಮೂರು ಕಡೆ ಕಬ್ಬಿನ ಗದ್ದೆ, ಒಂದು ಕಡೆ ಗುಡ್ಡ. ನಮ್ಮ ಮನೆ ಬೀದಿಗೆ, ಅಂದರೆ ಉತ್ತರಕ್ಕೆ ಮುಖಮಾಡಿತ್ತು; ಹಿತ್ತಿಲು ಗುಡ್ಡದ ಕಡೆಗೆ. ಮಣ್ಣಿನ ಗೋಡೆ, ನಾಡಹೆಂಚು, ನಡುವೆ ಸದಾ ಅರ್ಧ ಕತ್ತಲಾಗಿರುತ್ತಿದ್ದ ನಡುಮನೆ. ಆ ನಡುಮನೆಯಲ್ಲಿಯೇ ನಮ್ಮ ಊಟ, ನಿದ್ದೆ, ಜಗಳ, ದೇವರು ಎಲ್ಲವೂ. ಬೀದಿಯ ಕಡೆಯ ಗೋಡೆಗೆ ಒರಗಿಕೊಂಡು ರಾಗಿ ತುಂಬುವ ಮಣ್ಣಿನ ವಾಡೆ ನಿಂತಿತ್ತು. ಅದರ ಪಕ್ಕದಲ್ಲಿ ಅಜ್ಜಿಯ ಈಚಲು ಚಾಪೆ. ಅಜ್ಜಿಯ ಹೆಸರು ನಿಂಗಮ್ಮ. ಅಪ್ಪನ ತಾಯಿ. ಗದ್ದೆ, ಎಮ್ಮೆ, ಡೇರಿಗೆ ಹಾಲು ಹಾಕುವುದು, ಯಾರಿಗೆ ಎಷ್ಟು ಮುದ್ದೆ ಎಂಬುದು, ಎಲ್ಲವೂ ಆ ಚಾಪೆಯಿಂದಲೇ ನಿರ್ಧಾರವಾಗುತ್ತಿದ್ದವು. ನಮ್ಮನ್ನು ಅವಳು ಬೆಳೆಸಿದ್ದು ಕೆಲವು ಕಟ್ಟುನಿಟ್ಟಿನ ನಿಯಮಗಳಿಂದ. ಹೊಸ್ತಿಲ ಮೇಲೆ ಕೂರಬಾರದು. ಮುಸ್ಸಂಜೆಯಲ್ಲಿ ಕಸ ಗುಡಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಉತ್ತರಕ್ಕೆ ತಲೆ ಹಾಕಿ ಮಲಗಬಾರದು. ನಿದ್ದೆಯಲ್ಲಿ ನಾನು ಹೊರಳಿ ಉತ್ತರಕ್ಕೆ ತಿರುಗಿದರೆ ಬೆಳಗಾಗುವುದರೊಳಗೆ ಯಾರೋ ನನ್ನ ಕಾಲು ಹಿಡಿದು ಎಳೆದು ಸರಿಮಾಡಿರುತ್ತಿದ್ದರು. ಆ ಯಾರೋ ಅಜ್ಜಿಯೇ.

ಗೌರಿಹಬ್ಬಕ್ಕೂ ಯುಗಾದಿಗೂ ಮುಂಚೆ ಗೋಡೆಗಳಿಗೆ ಸುಣ್ಣ ಬಳಿದು, ಬುಡದುದ್ದಕ್ಕೂ ಕೆಮ್ಮಣ್ಣಿನ ಪಟ್ಟೆ ಎಳೆಯುವುದು ನಮ್ಮ ಮನೆಯಲ್ಲಿ ಸೊಸೆಯ ಕೆಲಸ. ಅವ್ವ ಎಳೆಯುತ್ತಿದ್ದ ಪಟ್ಟೆ ಬೀದಿಗೇ ಹೆಸರಾಗಿತ್ತು. ದಾರ ಹಿಡಿದು ಎಳೆದಂತೆ ನೇರ. ಅಂಥ ಪಟ್ಟೆ ಹಿತ್ತಿಲ ಕಡೆಯ ಗೋಡೆಯಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ. ಹಬ್ಬ ಕಳೆಯುವುದರೊಳಗೆ ಅದೇ ಜಾಗದಲ್ಲಿ ಕೂದಲೆಳೆಯಷ್ಟು ಸೀಳು, ಇನ್ನೊಂದು ಹಬ್ಬದ ಹೊತ್ತಿಗೆ ಬೆರಳು ತೂರುವಷ್ಟು. ಅವ್ವ ಮಣ್ಣು ಮೆತ್ತಿ ಮತ್ತೆ ಬಳಿಯುತ್ತಿದ್ದಳು. ಗೋಡೆ ಮತ್ತೆ ಬಾಯಿ ಬಿಡುತ್ತಿತ್ತು. ಗುಡ್ಡದಲ್ಲಿ ಮದ್ದು ಸಿಡಿಸುತ್ತಿದ್ದುದು ಮಧ್ಯಾಹ್ನದ ಊಟದ ಹೊತ್ತಿಗೆ. ಮೊದಲು ಸೀಟಿ ಕೂಗುತ್ತಿತ್ತು. ಸೀಟಿ ಕೇಳಿದೊಡನೆ ಅಪ್ಪ ತಟ್ಟೆಯ ಮೇಲೆ ಮೊರ ಮುಚ್ಚುತ್ತಿದ್ದ, ಅವ್ವ ಸಾರಿನ ಮಡಕೆಗೆ ಮುಚ್ಚಳ ಹಾಕುತ್ತಿದ್ದಳು. ಒಂದು ಗುದ್ದು, ಹೆಂಚಿನ ಸಂದಿಯಿಂದ ಧೂಳು, ಜೇಡನ ಬಲೆ, ಒಮ್ಮೊಮ್ಮೆ ಹಲ್ಲಿ ಮೊರದ ಮೇಲೆ ಉದುರುತ್ತಿದ್ದವು. ಮೊರ ಕೊಡವಿ ಊಟ ಮುಂದುವರಿಸುತ್ತಿದ್ದೆವು. ಎಲ್ಲರ ಮನೆಯಲ್ಲೂ ಊಟದ ನಡುವೆ ಮೊರ ಮುಚ್ಚುತ್ತಾರೆಂದೇ ನಾನು ಬಹಳ ಕಾಲ ತಿಳಿದಿದ್ದೆ. ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ಕಡೆ ಅವ್ವನ ತವರು. ಅಲ್ಲಿಗೆ ಹೋದಾಗ ಊಟಕ್ಕೆ ಕುಳಿತ ನಾನು ಮೊರ ಎಲ್ಲಿ ಎಂದು ಕೇಳಿದೆ; ಎಲ್ಲರೂ ನಕ್ಕರು, ಅವ್ವ ನಗಲಿಲ್ಲ.

ಗೋಡೆಯ ಸೀಳು ಮನೆಯೊಳಗೆ ಜಗಳವಾಗಿ ಬೆಳೆಯಿತು. ಅಜ್ಜಿಯ ಪ್ರಕಾರ ಅದು ಸೊಸೆಯ ಕೈಗುಣ.

"ಮಣ್ಣು ಸರ್ಯಾಗಿ ತುಳ್ದಿಲ್ಲ ಕಣಮ್ಮಿ ನೀನು. ನಿಮ್ಮ ಸಂತೆಬಾಚಳ್ಳಿ ಕಡೆಯೋರ್ಗೆ ಗ್ವಾಡೆ ಮೆತ್ತಾದ ಯಾರು ಕಲ್ಸವ್ರೆ?"

"ನಮ್ಮೂರ ಗ್ವಾಡೆ ಇನ್ನೂ ನಿಂತದೆ ಕಣತ್ತೆ. ನಿಮ್ಮೂರಲ್ಲಿ ಗುಡ್ಡನೇ ಅರ್ಧ ಇಲ್ಲ, ಗ್ವಾಡೆ ಎಲ್ಲಿಂದ ನಿಂತದು?"

"ನೋಡ್ಲಾ ನಿನ್ನೆಂಡ್ರ ಬಾಯಾ!" ಎಂದು ಅಜ್ಜಿ ಅಪ್ಪನ ಕಡೆ ತಿರುಗುತ್ತಿದ್ದಳು. ಅಪ್ಪ ಎಮ್ಮೆಗೆ ಹುಲ್ಲು ಹಾಕಬೇಕೆಂದು ಎದ್ದುಹೋಗುತ್ತಿದ್ದ. ಎಮ್ಮೆಗೆ ಆಗಲೇ ಹುಲ್ಲು ಹಾಕಿಯಾಗಿರುತ್ತಿತ್ತು.

ಸೀಳು ನಮ್ಮ ಮನೆಗೆ ಮಾತ್ರ ಬಂದಿದ್ದಲ್ಲ. ಹಿತ್ತಿಲು ಗುಡ್ಡಕ್ಕೆ ಬಿದ್ದಿದ್ದ ಪ್ರತಿ ಮನೆಯಲ್ಲೂ ಇತ್ತು. ಕೊನೆಗೊಂದು ದಿನ ಬೀದಿಯವರೆಲ್ಲ ಸೇರಿ ಜಲ್ಲಿಯ ಟ್ರಾಕ್ಟರುಗಳನ್ನು ಅಡ್ಡಗಟ್ಟಿದರು. ಮಾಲೀಕರೇ, ನೀವು ಆಗ ಜಗಳಕ್ಕೆ ಬರಲಿಲ್ಲ. ಬಹಳ ಜಾಣರು. ಅದರ ಬದಲಿಗೆ ವಿಜ್ಞಾನವನ್ನು ಕರೆತಂದಿರಿ. ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಕುತ್ತಿಗೆಗೆ ದಾರದಲ್ಲಿ ನೇತುಹಾಕಿದ ಕನ್ನಡಕ, ನಯವಾದ ಮೈಸೂರಿನ ಕನ್ನಡ. ಗೋಡೆಗಳನ್ನು ನೋಡುತ್ತ ನಡೆದು ಬಂದ ತಜ್ಞರು ನಮ್ಮ ಜಗುಲಿಯ ಮೇಲೆ ಕುಳಿತರು. ಬೀದಿಯೆಲ್ಲ ಸುತ್ತ ನಿಂತಿತು. ಅಜ್ಜಿ ಕಾಫಿ ಕೊಡಿಸಿದಳು. ಆಗ ತಾನೇ ಕಾಯಿಸಿದ ಎಮ್ಮೆಯ ಹಾಲು, ಲೋಟದ ಮೇಲೆ ದಪ್ಪನೆಯ ಕೆನೆ. ತಜ್ಞರು ಆ ಕೆನೆಯನ್ನು ಊದಲಿಲ್ಲ. ಲೋಟವನ್ನು ಅಜ್ಜಿಯ ಕಡೆಗೆ ಓರೆಮಾಡಿ ತೋರಿಸಿದರು.

"ನೋಡಿ ತಾಯಿ, ಈ ಕೆನೆ ಇದೆಯಲ್ಲ, ನಾವು ನಿಂತಿರುವ ನೆಲವೂ ಹೀಗೇ. ಕೆಳಗೆ ಕಾವಿದೆ. ಕಾವಿಗೆ ಮೇಲಿನ ಪದರ ತುಂಡುತುಂಡಾಗಿ ಸರಿಯುತ್ತಾ ಇರುತ್ತದೆ. ನಮ್ಮ ದೇಶವಿರುವ ತುಂಡು ಉತ್ತರಕ್ಕೆ ಹೋಗುತ್ತಾ ಇದೆ. ಅಲ್ಲಿ ಇನ್ನೊಂದು ತುಂಡಿಗೆ ಗುದ್ದಿದ್ದಕ್ಕೇ ಹಿಮಾಲಯ ಎದ್ದದ್ದು."

"ಈಗ್ಲೂ ಓಯ್ತಾ ಅದಾ ಸ್ವಾಮಿ?" ಅಜ್ಜಿ ಕೇಳಿದಳು.

"ಈಗಲೂ. ನಮ್ಮ ಉಗುರು ಬೆಳೆಯುವಷ್ಟು ನಿಧಾನವಾಗಿ. ಇಡೀ ದೇಶವೇ ಸರಿಯುವಾಗ ಗೋಡೆ ಬಿರುಕು ಬಿಡದೆ ಇರುತ್ತದೆಯೇ ಹೇಳಿ? ಇದು ಪ್ರಕೃತಿ. ಇದರಲ್ಲಿ ಯಾರ ತಪ್ಪೂ ಇಲ್ಲ."

ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು.

"ಆಯುಧಪೂಜೆಗೆ ಕ್ವಾರಿ ಮುಚ್ಚಿದ್ರಲ್ಲಾ, ಆಗ ಒಂದ್ ಚೂರೂ ಬಿರೀಲಿಲ್ಲ ನಮ್ ಗ್ವಾಡೆ. ಭೂಮ್ತಾಯ್ಗೂ ಆಯುಧಪೂಜೆ ರಜಾ ಕೊಟ್ಟಿದ್ರಾ ಸ್ವಾಮಿ?"

ಜನ ನಕ್ಕರು. ತಜ್ಞರೇ, ನೀವೂ ನಕ್ಕಿರಿ. ಅದು ನನಗೆ ಚೆನ್ನಾಗಿ ನೆನಪಿದೆ. ಉತ್ತರಿಸಬೇಕಾದ ಕಡೆಯಲ್ಲಿ ನಕ್ಕಿರಿ. ನಿಮ್ಮನ್ನು ಕಾಪಾಡಿದ್ದು ನಮ್ಮ ಅಜ್ಜಿ.

"ಸುಮ್ಕಿರಮ್ಮಿ. ಮನೀಗ್ ಬಂದೋರ್ನ ಅಂಗೆಲ್ಲ ಆಡ್ಬಾರ್ದು. ಇನ್ನೊಂದ್ ಲೋಟ ಕಾಪಿ ತತ್ತಾ."

ಇನ್ನೊಂದು ಲೋಟ ಬಂತು. ನೀವು ಕುಡಿದಿರಿ. ಬೀದಿಯವರು ಟ್ರಾಕ್ಟರುಗಳಿಗೆ ದಾರಿ ಬಿಟ್ಟುಕೊಟ್ಟರು. ದೇಶವೇ ನಡೆಯುತ್ತಿರುವಾಗ ಟ್ರಾಕ್ಟರನ್ನು ಯಾರು ತಾನೇ ತಡೆದಾರು? ನೀವು ಆಡಿದ ಮಾತುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ನಿಜ ಎಂಬುದೇ ನಿಮ್ಮ ಮೇಲಿನ ನನ್ನ ಮೊದಲ ದೂರು. ಕಾವು ನಿಜ, ತುಂಡುಗಳು ನಿಜ, ಹಿಮಾಲಯ ನಿಜ. ಆ ನಿಜಗಳ ನಡುವೆ, ಕೆನೆಯ ಕೆಳಗೆ ನೊಣ ಇಟ್ಟಂತೆ, ನಮ್ಮ ಗೋಡೆಯನ್ನು ಸೇರಿಸಿಬಿಟ್ಟಿರಿ.

ಆ ಸಂಜೆ ನಡುಮನೆಯಲ್ಲಿ ಅಜ್ಜಿ ಊಟ ಮಾಡದೆ ಕುಳಿತಿದ್ದಳು. ಅವಳನ್ನು ಕಲಕಿದ್ದು ಗೋಡೆಯಲ್ಲ, ದಿಕ್ಕು.

"ಮಕ್ಳುಮರಿಗೆಲ್ಲ ಉತ್ರುಕ್ಕೆ ತಲೆ ಹಾಕ್ಬ್ಯಾಡಿ ಅಂತ ಬಯ್ಕಂಡೇ ಬಂದೆ. ನೋಡುದ್ರೆ ನೆಲುವೇ ಉತ್ರುಕ್ಕೆ ತಲೆ ಹಾಕ್ಕಂಡು ಓಯ್ತಾ ಅದಂತಲ್ಲೋ!"

"ಅದು ತಲೆ ಅಲ್ಲ ಕಣವ್ವ, ಭೂಮಿ," ಎಂದ ಅಪ್ಪ.

"ಮುಂದ್ಲು ಕಡೆ ಅಂದ್ಮ್ಯಾಲೆ ತಲೇನೇ ಕಣ್ಲಾ. ಅಲ್ಲೆಲ್ಲೋ ಗುದ್ತಾನೂ ಅದಂತೆ. ಬಂಡಿ ಎದುರ್ಗಡೆ ಏನುಕ್ಕಾರಾ ಗುದ್ದುದ್ರೆ ಏನಾಯ್ತದೆ? ಮೂಕಿ ಮುರೀತದೆ, ಮುಂದ್ ಕುಂತೋನು ಮೊಕ ಒಡ್ಕತಾನೆ. ಹಿಂದ್ಗಡೆ ಕುಂತೋರ್ಗೆ ಏನೂ ಆಗಕಿಲ್ಲ."

ಹೀಗೆ ಹೇಳಿ ಅಜ್ಜಿ ಎದ್ದಳು. ಜೀವನವಿಡೀ ಎತ್ತಿನ ಬಂಡಿಯಲ್ಲಿ ಓಡಾಡಿದ ಹೆಂಗಸು. ನೆಲವೊಂದು ಬಂಡಿಯಾದರೆ, ಅದು ಉತ್ತರಕ್ಕೆ ಹೊರಟಿದ್ದರೆ, ಬೀದಿಯ ಕಡೆಯ ಗೋಡೆಯೇ ನೊಗ ಕಟ್ಟುವ ಮುಂದಿನ ಮೂಕಿ. ಹಿತ್ತಿಲ ಗೋಡೆ ಹಿಂಬದಿ. ಚಾಪೆ, ಕಂಬಳಿ, ಎಲೆಅಡಿಕೆಯ ಚೀಲ ಎಲ್ಲವನ್ನೂ ವಾಡೆಯ ಪಕ್ಕದಿಂದ ಎತ್ತಿ ಹಿತ್ತಿಲ ಗೋಡೆಯ ಬುಡಕ್ಕೆ ಸಾಗಿಸಿದಳು. ನನ್ನ ಹಾಸಿಗೆಯನ್ನೂ ಎಳೆದುಕೊಂಡಳು.

"ಮಗಿನ್ನೂ ಇಲ್ಲೇ ಮನುಗ್ಸು. ಹಿಂದ್ಗಡೆ ಇರ್ಲಿ."

"ಅತ್ತೆ, ಬಿರ್ಕು ಬುಟ್ಟಿರಾದು ಅದೇ ಗ್ವಾಡೆ. ಗುಡ್ಡದ ಕಡೀಕದೆ. ಬ್ಯಾಡಿ," ಎಂದಳು ಅವ್ವ.

"ಅಷ್ಟು ಓದಿರೋ ಅಯ್ಯನಿಗಿಂತ ನಿಂಗೇ ಗೊತ್ತಾ?"

ಅವ್ವ ನನ್ನ ದಿಂಬನ್ನೂ ತಂದು ಅಲ್ಲಿಟ್ಟಳು. ಅಜ್ಜಿಯ ಗದರಿಕೆಗೆ ಎಂದೂ ಸೋಲದವಳು ನಿಮ್ಮ ಓದಿಗೆ ಸೋತಳು. ನಾನು ಆ ಸೀಳಿನ ಕೆಳಗೆ ಅಜ್ಜಿಯ ಸೆರಗು ಹಿಡಿದು ಮಲಗುತ್ತಿದ್ದೆ. ಕಿವಿಯನ್ನು ನೆಲಕ್ಕೆ ಒತ್ತಿ, ದೇಶ ನಡೆಯುವ ಸದ್ದು ಕೇಳುತ್ತದೆಯೇ ಎಂದು ಆಲಿಸುತ್ತಿದ್ದೆ. ಕೆನೆಯ ಆ ಪಾಠ ನನ್ನನ್ನು ಮರುಳುಮಾಡಿತ್ತು. ಹಾಲು ಕಾಯುವಾಗ ಒಲೆಯ ಮುಂದೆ ಕುಳಿತು, ಕೆನೆ ಸುಕ್ಕುಗಟ್ಟಿ ಒಂದರ ಮೇಲೊಂದು ಏರುವುದನ್ನು ನೋಡಿ, ಅವ್ವನಿಗೆ ಹಿಮಾಲಯವನ್ನು ತೋರಿಸುತ್ತಿದ್ದೆ.

ಗೋಡೆ ಬಿದ್ದದ್ದು ಮದ್ದು ಸಿಡಿದ ಹೊತ್ತಿಗೇ. ಅಪ್ಪ, ಅವ್ವ ಗದ್ದೆಯಲ್ಲಿದ್ದರು, ನಾನು ಶಾಲೆಯಲ್ಲಿ. ಅಜ್ಜಿ ಮುದ್ದೆ ಉಂಡು ಹೊಸ ಜಾಗದಲ್ಲಿ ಅಡ್ಡಾಗಿದ್ದಳು. ಸೀಟಿ ಕೂಗಿತು. ಅವಳು ಏಳಲಿಲ್ಲ, ಹಿಂಬದಿಯಲ್ಲಿರುವವರಿಗೆ ಭಯವಿಲ್ಲವಲ್ಲ. ನಾನು ಓಡಿಬರುವಷ್ಟರಲ್ಲಿ ನಡುಮನೆಯೊಳಕ್ಕೆ ಬಿಸಿಲು ಬಿದ್ದಿತ್ತು. ಆ ಕೋಣೆಯಲ್ಲಿ ನಾನು ಬಿಸಿಲು ಕಂಡದ್ದು ಅದೇ ಮೊದಲು. ಹಿತ್ತಿಲ ಗೋಡೆಯ ಅರ್ಧ, ಅದರ ಮೇಲಿನ ತೊಲೆ, ಹೆಂಚು ಎಲ್ಲ ಚಾಪೆಯ ಮೇಲಿದ್ದವು. ಅವ್ವನ ಕೆಮ್ಮಣ್ಣಿನ ಪಟ್ಟೆ ಎಳೆದಿದ್ದ ಹೆಂಟೆಗಳ ನಡುವಿನಿಂದ ಬೀದಿಯವರು ಅಜ್ಜಿಯನ್ನು ಎತ್ತಿ, ಬಾಗಿಲ ಹಲಗೆಯ ಮೇಲೆ ಮಲಗಿಸಿ, ಟ್ರಾಕ್ಟರಿನಲ್ಲಿ ಪಾಂಡವಪುರಕ್ಕೆ, ಅಲ್ಲಿಂದ ನಾಗಮಂಗಲದ ಆಚೆಗಿನ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಿತು. ಸೊಂಟ ಉಳಿಯಲಿಲ್ಲ. ಚಾಪೆಯಿಂದ ಮನೆ ಆಳುತ್ತಿದ್ದವಳು ಮಂಚ ಸೇರಿದಳು.

ಮಾಲೀಕರೇ, ನೀವು ಬರಲಿಲ್ಲ. ಮೋಸಂಬಿಯ ಚೀಲ ಹಿಡಿದು ನಿಮ್ಮ ಮೇಸ್ತ್ರಿ ಬಂದ. "ಭೂಮಿ ಆಡಾ ಆಟ ಕಣಮ್ಮೋ, ಯಾರೇನ್ ಮಾಡಕಾಯ್ತದೆ," ಎಂದ. ತಜ್ಞರ ಪಾಠ ಆಗಲೇ ನಿಮ್ಮ ಆಳುಗಳಿಗೂ ಬಾಯಿಪಾಠವಾಗಿತ್ತು. ಅವ್ವ ಆ ಮೋಸಂಬಿಗಳನ್ನು ಒಂದೊಂದಾಗಿ ಎಮ್ಮೆಗೆ ಹಾಕಿದಳು. ಅಜ್ಜಿ ಮಾತ್ರ ಯಾರನ್ನೂ ಬಯ್ಯಲಿಲ್ಲ. ನನಗೆ ಇಂದಿಗೂ ಸಹಿಸಲಾಗದ್ದು ಅದು. ಬೆಳಗ್ಗೆ ಎದ್ದೊಡನೆ ಮಂಚದಿಂದ ಕೈಯನ್ನು ಇಳಿಬಿಟ್ಟು, ನೆಲ ಮುಟ್ಟಿ, ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಬೆನ್ನು ಒರೆಸಲು ಹೊರಳಿಸಿದಾಗ ನೋವಿಗೆ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದಳು:

"ಭೂಮ್ತಾಯಿ ಒಂದ್ ಹೆಜ್ಜೆ ಇಟ್ಲು, ನಾನು ಅಡ್ಡ ಬಿದ್ದಿದ್ದೆ. ಅವಳ ಮ್ಯಾಲೆ ಏನ್ ಕ್ವಾಪ ಮಾಡ್ಕಳಾದು ಬುಡು ಮಗ."

ಸೊಂಟ ಮುರಿದದ್ದು ಒಂದು ಅಪರಾಧ. ಅವಳ ಸಿಟ್ಟನ್ನು ಕದ್ದದ್ದು ಇನ್ನೊಂದು. ಊರಿನಲ್ಲಿ ಯಾರ ಹಂಗಿಗೂ ಬಗ್ಗದ, ಸೊಸೆಯ ಸುಣ್ಣವನ್ನೂ ಕ್ಷಮಿಸದ ಒಬ್ಬ ಹೆಂಗಸು, ಬಯ್ಯಬೇಕಾದ ಕಡೆ ಕೈಮುಗಿಯುವಂತೆ ಮಾಡಿದಿರಿ. ಅವಳ ಕ್ಷಮೆ ನಿಮಗೆ ಸಿಕ್ಕಿದ್ದಲ್ಲ. ಅದು ತಪ್ಪು ವಿಳಾಸಕ್ಕೆ ಹೋಗುತ್ತಿತ್ತು. ನೀವು ಅದರ ನೆರಳಿನಲ್ಲಿ ತಣ್ಣಗೆ ಜಲ್ಲಿ ಮಾರಿಕೊಂಡಿರಿ.

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಆರಿಸಿಕೊಂಡದ್ದು ಆ ಕೆನೆಯ ದೆಸೆಯಿಂದಲೇ. ತಜ್ಞರೇ, ನನ್ನ ಮೊದಲ ಮೇಷ್ಟ್ರು ನೀವು. ನಿಮ್ಮ ಪಾಠವನ್ನೇ ನಿಮ್ಮ ಮುಂದೆ ಹಿಡಿದಿದ್ದೇನೆ. ಗುರುಕಾಣಿಕೆ ಎಂದು ತಿಳಿಯಿರಿ. ಒಂದು ಬೇಸಿಗೆಯಲ್ಲಿ ನಮ್ಮ ಅಧ್ಯಾಪಕಿ ನಮ್ಮನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದರು. ನೀರು ಇಳಿದ ಕಾವೇರಿಯ ಪಾತ್ರದಲ್ಲಿ ಬೂದು, ಬಿಳಿ, ತೆಳುಗೆಂಪು ಪಟ್ಟೆಗಳ ಬಂಡೆಗಳು ಬೆನ್ನು ತೋರಿಸಿ ಮಲಗಿದ್ದವು. ಗೋಡೆಯ ಬುಡಕ್ಕೆ ಅವ್ವ ಎಳೆದ ಪಟ್ಟೆಗಳು ನೆನಪಾದವು. ಭೂಮಿಯ ಮೇಲೆ ಹುಲ್ಲಿನ ಒಂದು ಎಸಳೂ ಇಲ್ಲದ ಕಾಲದ ಕಲ್ಲುಗಳಿವು, ಕೈಯಿಟ್ಟು ನೋಡಿ ಎಂದರು ಅಧ್ಯಾಪಕಿ. ನಮ್ಮ ಈ ದಕ್ಷಿಣದ ನೆಲ ಭೂಮಿಯ ಅತಿ ಹಳೆಯ, ಅತಿ ಗಟ್ಟಿಯಾದ ತುಣುಕುಗಳಲ್ಲೊಂದು. ನಾನು ಬಿಸಿಲಿಗೆ ಕಾದ ಆ ಬಂಡೆಯ ಮೇಲೆ ಅಂಗೈ ಊರಿಯೇ ಕೇಳಿದೆ:

"ಮೇಡಮ್, ಭೂಫಲಕ ಸರಿಯುವುದರಿಂದ ನಮ್ಮ ಕಡೆಯ ಮನೆಗಳ ಗೋಡೆ ಬಿರುಕು ಬಿಡಬಹುದೆ?"

ಅವರು ನಕ್ಕರು. "ನೀನು ಮೈಸೂರಿನಿಂದ ಬಸ್ಸಿನಲ್ಲಿ ಬಂದೆಯಲ್ಲ, ಬಸ್ಸು ಓಡಿತು ಅಂತ ನಿನ್ನ ಊಟದ ಡಬ್ಬಿ ಸೀಳಿತೇನಮ್ಮ? ಎಲ್ಲವೂ ಒಟ್ಟಿಗೆ ಸರಿಯುತ್ತವೆ. ಒಡೆಯುವುದು, ಮಡಿಚುವುದು ಬಹುಪಾಲು ಅಂಚಿನಲ್ಲಿ. ಯಾಕೆ, ಯಾರು ಹಾಗೆ ಹೇಳಿದ್ದು?"

ನಾನು ಅವರ ಮಾತನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ದಖ್ಖನಿನ ನೆಲ ಎಂದೂ ಕಂಪಿಸುವುದೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಫಲಕದ ಒಡಲಿನಲ್ಲಿಯೂ ಹಳೆಯ ಬಿರುಕುಗಳಿವೆ, ಕೂಡಿಟ್ಟ ಒತ್ತಡವಿದೆ, ಅಪರೂಪಕ್ಕೆ ಅದು ಊರುಗಳನ್ನು ಕೆಡವಿದ್ದೂ ಇದೆ. ಆದರೆ ಸೀಟಿ ಊದಿ ಬರುವ ಭೂಕಂಪವನ್ನು ನನ್ನ ಪಠ್ಯಗಳಲ್ಲಿ ನಾನು ಕಂಡಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಬಂದು, ಗುಡ್ಡದ ಕಡೆಯ ಗೋಡೆಗಳನ್ನು ಮಾತ್ರ ಆರಿಸಿಕೊಂಡು, ಹಬ್ಬಕ್ಕೆ ರಜೆ ಹಾಕುವ ಖಂಡಚಲನೆಯನ್ನೂ ಕಂಡಿಲ್ಲ. ಅಜ್ಜಿಯ ಬಂಡಿಯ ಲೆಕ್ಕವನ್ನು ನಾನು ಹಲವು ಸಲ ಮನಸ್ಸಿನಲ್ಲಿ ತಿದ್ದಿ ನೋಡಿದ್ದೇನೆ. ಅದರಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ. ಆ ಬಂಡಿಯ ಮೂಕಿ ಹಿಮಾಲಯದಲ್ಲಿತ್ತು, ಹಿಂಬದಿ ಕನ್ಯಾಕುಮಾರಿಯನ್ನೂ ದಾಟಿ ಹಿಂದೂ ಮಹಾಸಾಗರದ ತಳದಲ್ಲಿತ್ತು. ನೀವು ಅದನ್ನು ನಮ್ಮ ನಡುಮನೆಯ ಅಳತೆಗೆ ಕತ್ತರಿಸಿ ಕೊಟ್ಟಿರಿ. ಅವಳು ನಂಬಿ ಅದರಲ್ಲಿ ಹಾಸಿಗೆ ಹಾಸಿದಳು.

ಊರಿಗೆ ಹೋಗಿ ಅಜ್ಜಿಯ ಮಂಚದ ಪಕ್ಕ ಕುಳಿತು ಎಲ್ಲವನ್ನೂ ಹೇಳಿದೆ. ಬಸ್ಸು, ಡಬ್ಬಿ, ನದಿಯ ಕಲ್ಲು, ಎಲ್ಲ. ಹೇಳಬಾರದಿತ್ತೆಂದು ಅಪ್ಪ ಆಮೇಲೆ ಗೊಣಗಿದ; ನೆಮ್ಮದಿಯಾಗಿದ್ದವಳ ಎದೆಗೆ ಬೆಂಕಿ ಹಾಕಿದೆ ಎಂದ. ಹೌದು, ಬೆಂಕಿಯೇ. ಅದು ಅವಳದೇ ಸ್ವತ್ತು, ಹಿಂದಿರುಗಿಸಿದೆ. ಅಜ್ಜಿ ಮಂಚದ ಮೇಲಿಂದ ಬಾಗಿಲ ಕಡೆಗೆ ತಲೆ ಹೊರಳಿಸಿದಳು. ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಅಂಗಾರೆ ಜಯ ಏಳಿದ್ದೇ ನಿಜ," ಎಂದಳು ಅಜ್ಜಿ. ಜಯ ಎಂದರೆ ಅವ್ವ. ಅತ್ತೆಯ ಬಾಯಲ್ಲಿ ಅಮ್ಮಿ ಎಂಬ ಕರೆಯ ಬದಲು ತನ್ನ ಹೆಸರು ಬಂದದ್ದನ್ನು ಕೇಳಿ ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಊ ಕಣಜ್ಜಿ."

"ಆ ಅಯ್ಯ ಎಲ್ಡು ಲೋಟ ಕಾಪಿ ಕುಡ್ದ ಕಣೆ ನಮ್ಮನೇಲಿ." ಮತ್ತೆ ಕೇಳಿದಳು: "ಗೊತ್ತಿದ್ದೂ ಏಳುದ್ನಾ, ಗೊತ್ತಿಲ್ದೆ ಏಳುದ್ನಾ?"

"ಅದು ನಂಗೊತ್ತಿಲ್ಲ ಅಜ್ಜಿ."

"ಅಂಗಾರೆ ಓಗಿ ಕೇಳು. ಇಷ್ಟೆಲ್ಲ ಓದಿದ್ದೀಯ, ಅದೊಂದ್ ಕೇಳ್ಕಂಡ್ ಬಾ. ಅಲ್ಲಿಗಂಟ ನಾನು ಸಾಯಾಕಿಲ್ಲ."

ಮರುದಿನ ಬೆಳಗ್ಗೆ ಅವಳು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ಎಂದಿನಂತೆ. ಆಮೇಲೆ ಗುಡ್ಡದ ಕಡೆಗೆ ಮುಖ ತಿರುಗಿಸಿ ನಿಮ್ಮ ವಂಶವನ್ನೆಲ್ಲ ಬಯ್ದಳು. ಹೀಗೆ ಬಯ್ಯುವ ಅಜ್ಜಿಯನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಅವ್ವ ಅವಳಿಗೆ ಕಾಫಿ ತಂದುಕೊಟ್ಟು, ತಾನೂ ಎರಡು ಮಾತು ಸೇರಿಸಿದಳು.

ಮಾಲೀಕರೇ, ಈಗ ಗುಡ್ಡದ ಉಳಿದ ಅರ್ಧಕ್ಕೂ ಮದ್ದಿಡಲು ನೀವು ಹೊರಟಿದ್ದೀರಿ. ಬೀದಿಯವರು ಆಕ್ಷೇಪಿಸಿದಾಗ, ಅದೇ ತಜ್ಞರ ಅದೇ ಮಾತುಗಳನ್ನು ನಿಮ್ಮ ಕಡೆಯವರು ಮತ್ತೆ ಆಡಿದ್ದಾರೆ: ನೆಲ ಸರಿಯುತ್ತದೆ, ಗೋಡೆ ಬಿರಿಯುತ್ತದೆ, ಯಾರ ತಪ್ಪೂ ಇಲ್ಲ. ಆದ್ದರಿಂದ, ಈ ಮನೆಯ ಮಗಳಾಗಿ, ತಜ್ಞರು ಕಲಿತ ಶಾಸ್ತ್ರವನ್ನೇ ಕಲಿತವಳಾಗಿ, ನಾನು ನಿಮ್ಮನ್ನು ವಿಧಿವತ್ತಾಗಿ ಕೋರುತ್ತೇನೆ. ತಜ್ಞರು ನಮ್ಮ ಮನೆಗೆ ಬರಬೇಕು. ಅಂದು ಆ ಮಾತನ್ನು ತಿಳಿದು ಹೇಳಿದರೋ, ತಿಳಿಯದೆ ಹೇಳಿದರೋ ಎಂಬುದನ್ನು ನಿಂಗಮ್ಮನವರ ಮುಂದೆ, ಬೀದಿಯವರೆಲ್ಲ ಕೇಳುವಂತೆ ತಿಳಿಸಬೇಕು. ಅಂದಿನ ವಿವರಣೆಯನ್ನು ಬಹಿರಂಗವಾಗಿ ಹಿಂತೆಗೆದುಕೊಳ್ಳಬೇಕು. ಗೋಡೆ ಬಿದ್ದದ್ದು ತಮ್ಮ ಮದ್ದಿನಿಂದ ಎಂದು ಮಾಲೀಕರು ಒಪ್ಪಿಕೊಳ್ಳಬೇಕು. ಅಲ್ಲವೆನ್ನುವುದಾದರೆ, ನಮ್ಮ ಬೀದಿಯವರು ಒಪ್ಪುವ ಬೇರೆ ತಜ್ಞರಿಂದ, ಮದ್ದು ಸಿಡಿಯುವಾಗಿನ ಕಂಪನವನ್ನು ನಮ್ಮ ಗೋಡೆಗಳ ಬುಡದಲ್ಲಿ ಅಳೆಸಿ ತೋರಿಸಬೇಕು. ಅದಾಗುವ ತನಕ ಆ ಗುಡ್ಡದಲ್ಲಿ ಸೀಟಿ ಕೂಗಬಾರದು. ಅಪ್ಪಣೆ ಕೊಡುವ ಅಧಿಕಾರವುಳ್ಳವರು ಈ ಪುಟಗಳನ್ನು ನಮ್ಮ ಆಕ್ಷೇಪಣೆಯೆಂದೇ ಪರಿಗಣಿಸಿ, ಲಿಖಿತವಾಗಿ ಉತ್ತರಿಸಬೇಕು.

ತಜ್ಞರೇ, ಮನೆ ಹುಡುಕುವ ಕಷ್ಟ ನಿಮಗಿಲ್ಲ. ಜಗುಲಿ ಅದೇ ಇದೆ. ಹಿತ್ತಿಲ ಗೋಡೆಯನ್ನು ಇಟ್ಟಿಗೆಯಲ್ಲಿ ಕಟ್ಟಿಸಿದ್ದೇವೆ, ಅದರ ಬುಡಕ್ಕೂ ಅವ್ವ ಕೆಮ್ಮಣ್ಣಿನ ಪಟ್ಟೆ ಎಳೆದಿದ್ದಾಳೆ. ಅಜ್ಜಿ ತನ್ನ ಮಂಚದ ಪಕ್ಕದಲ್ಲಿ ನಿಮಗೊಂದು ಕುರ್ಚಿ ಹಾಕಿಸಿದ್ದಾಳೆ. ಬೇರೆ ಯಾರು ಕೂರಲು ಹೋದರೂ ಗದರಿಸಿ ಎಬ್ಬಿಸುತ್ತಾಳೆ. ಬನ್ನಿ. ಮೊದಲು ಹೇಳಿ. ಕಾಫಿ ಆಮೇಲೆ.